‘ಪಾಠ ಚೆನ್ನಾಗಿ ಆಯಿತು’ ಎಂದರೆ ಸಾಲದು

ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋಗುವ ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಡೈರಿಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ವಾಕ್ಯವಿದು: ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು, ಪಾಠ ಚೆನ್ನಾಗಿ ಆಯಿತು.’ ಎಷ್ಟು ಮಕ್ಕಳು? ಯಾವ ಪ್ರಶ್ನೆಗೆ? ಹಿಂದಿನ ಬೆಂಚಿನವರು ಏನು ಮಾಡುತ್ತಿದ್ದರು? ಅದು ಡೈರಿಯಲ್ಲಿರುವುದಿಲ್ಲ. ಆದರೂ ಸಹಿ ಬೀಳುತ್ತದೆ, ಅಂಕವೂ ಸಿಗುತ್ತದೆ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಕೋರ್ಸನ್ನು ಎರಡು ವರ್ಷಕ್ಕೆ ವಿಸ್ತರಿಸಿತು. ಅದರಲ್ಲಿ ಕನಿಷ್ಠ 20 ವಾರ ಶಾಲೆಯ ಒಡನಾಟಕ್ಕೆ ಮೀಸಲು. ಇಷ್ಟು ದಿನ ತರಗತಿಯಲ್ಲಿ ಕಳೆದರೂ, ನಡೆದದ್ದನ್ನು ಹಿಂತಿರುಗಿ ನೋಡದಿದ್ದರೆ ಮೊದಲ ವಾರದ ತಪ್ಪೇ ಕೊನೆಯ ವಾರಕ್ಕೆ ಅಭ್ಯಾಸವಾಗಿ ಗಟ್ಟಿಯಾಗಬಹುದು.

ಈ ಹಿನ್ನೋಟಕ್ಕೆ ಶಿಕ್ಷಣಶಾಸ್ತ್ರದಲ್ಲಿ ಅನುಚಿಂತನೆ ಎನ್ನುತ್ತಾರೆ. ಅಮೆರಿಕದ ಜಾನ್ ಡ್ಯೂಯಿ 1910ರಲ್ಲೇ ಇದರ ಬಗ್ಗೆ ಬರೆದಿದ್ದರು. 1983ರಲ್ಲಿ ಚಿಂತಕ ಡೊನಾಲ್ಡ್ ಶಾನ್ ಇದನ್ನು ಎರಡಾಗಿ ವಿಂಗಡಿಸಿದರು: ಕೆಲಸ ಮಾಡುತ್ತಲೇ ಯೋಚಿಸುವುದು, ಮುಗಿದ ಮೇಲೆ ಯೋಚಿಸುವುದು. ಪಾಠದ ನಡುವೆಯೇ ದಾರಿ ಬದಲಿಸುವುದು ಪಳಗಿದ ಮೇಷ್ಟ್ರಿಗೆ ಸಾಧ್ಯ. ಕಪ್ಪು ಹಲಗೆ, ಗದ್ದಲ, ಗಡಿಯಾರ ಮೂರನ್ನೂ ಒಟ್ಟಿಗೆ ನಿಭಾಯಿಸಲು ಹೆಣಗುವ ಹೊಸಬರು ಎರಡನೆಯದರಿಂದಲೇ ಶುರುಮಾಡಬೇಕು.

ಐದನೇ ತರಗತಿಯ ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಿ. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗವೋ ಎಂದು ಕೇಳಿದರೆ, ನಾಲ್ಕು ದೊಡ್ಡ ಸಂಖ್ಯೆ, ಹಾಗಾಗಿ ನಾಲ್ಕನೇ ಒಂದೇ ದೊಡ್ಡದು ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ‘ತಪ್ಪು, ಕೂತ್ಕೋ’ ಎಂದು ಮುಂದೆ ಹೋದ ಪ್ರಶಿಕ್ಷಣಾರ್ಥಿ ಸಂಜೆ ಆ ಉತ್ತರವನ್ನು ಹಾಗೆಯೇ ಬರೆದಿಟ್ಟರೆ, ಮಗುವಿನ ತರ್ಕ ಕಣ್ಣಿಗೆ ಬೀಳುತ್ತದೆ. ಮರುದಿನ ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಮಕ್ಕಳ ಕೈಯಲ್ಲೇ ಮಡಿಸಿ ತೋರಿಸಬಹುದು.

ತನ್ನದೇ ಪಾಠವನ್ನು ಅನುಮತಿ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದೂ ಉಪಯುಕ್ತ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂಬುದನ್ನು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇಂಥ ಧ್ವನಿಮುದ್ರಣಗಳಿಂದಲೇ ಕಂಡುಕೊಂಡರು. ಆ ವಿರಾಮವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು.

ಒಬ್ಬರೇ ಕೂತು ಯೋಚಿಸಿದರೆ ಕೆಲವು ಸಂಗತಿ ಕಾಣುವುದೇ ಇಲ್ಲ. ಸ್ವಂತ ಅನುಭವ, ವಿದ್ಯಾರ್ಥಿಗಳ ಕಣ್ಣು, ಸಹೋದ್ಯೋಗಿಗಳ ಮಾತು, ಓದಿದ ಸಿದ್ಧಾಂತ ಈ ನಾಲ್ಕೂ ಬೇಕು ಎನ್ನುತ್ತಾರೆ ಶಿಕ್ಷಣತಜ್ಞ ಸ್ಟೀಫನ್ ಬ್ರೂಕ್‌ಫೀಲ್ಡ್. ಜಪಾನಿನಲ್ಲಿ ಶಿಕ್ಷಕರು ಸೇರಿ ಒಂದು ಪಾಠ ರೂಪಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಬಳಿಕ ಚರ್ಚಿಸುತ್ತಾರೆ. ನಮ್ಮಲ್ಲೂ ಸಹಪಾಠಿಗಳು ಅವಲೋಕನ ಪುಸ್ತಕ ಹಿಡಿದು ಹಿಂದೆ ಕೂರುವ ರೂಢಿಯಿದೆ. ಅವರ ಕಣ್ಣು ಬೋಧಿಸುವವರ ಧ್ವನಿ, ಅಕ್ಷರಗಳನ್ನು ಬಿಟ್ಟು ಮಕ್ಕಳ ನೋಟ್‌ಬುಕ್ಕಿನತ್ತ ಹೊರಳಬೇಕು, ಅಷ್ಟೆ.

ತೊಡಕಿರುವುದು ಅಂಕದಲ್ಲಿ. ಸೋತ ಪಾಠದ ವಿವರ ಬರೆದರೆ ಅಂಕ ಕಡಿತವಾದೀತೆಂಬ ಭಯವಿದ್ದಾಗ ಡೈರಿಯಲ್ಲಿ ಎಲ್ಲ ಪಾಠಗಳೂ ಗೆಲ್ಲುತ್ತವೆ. ಪಾಠದ ಸೋಲು-ಗೆಲುವಿಗಿಂತ, ಅದನ್ನು ಗಮನಿಸಿ ಮುಂದಿನ ಪಾಠ ಯೋಜನೆಯಲ್ಲಿ ಏನು ಬದಲಿಸಲಾಗಿದೆ ಎಂಬುದನ್ನು ಮಾರ್ಗದರ್ಶಕರು ಅಳೆದರೆ ಪ್ರಶಿಕ್ಷಣಾರ್ಥಿ ನಿಜ ಬರೆಯಲು ಹಿಂಜರಿಯಬೇಕಿಲ್ಲ.