ಸರಕಾರಿ ಶಾಲೆಯೋ, ಖಾಸಗಿ ಶಾಲೆಯೋ? ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮಕ್ಕಳ ಪ್ರಶ್ನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಕರಾವಳಿಯ ನಮಗೆ ಈ ಊರುಗಳ ಹೆಸರು ಮೊದಲು ಪರಿಚಯವಾದದ್ದು ಬಸ್ಸಿನ ಬೋರ್ಡಿನಿಂದ. ಶಾಲಾ ಪ್ರವಾಸದಲ್ಲಿ ಒಮ್ಮೆ ಬಾದಾಮಿಯ ಗುಹಾಲಯ, ಐಹೊಳೆ, ಪಟ್ಟದಕಲ್ಲು ನೋಡಿ ಬಂದವರು ಇದ್ದಾರೆ, ಮನೆಯಲ್ಲಿ ಒಂದು ಇಳಕಲ್ ಸೀರೆ ಇರುವವರೂ ಇದ್ದಾರೆ. ಆದರೆ ಆ ಊರುಗಳ ಜನ ನಮ್ಮ ನಡುವೆಯೇ ಇದ್ದಾರೆಂಬುದು ನಮಗೆ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನಮ್ಮ ಮನೆಯ ತಾರಸಿಗೆ ಕಾಂಕ್ರೀಟ್ ಹೊತ್ತವರು, ರಸ್ತೆ ಬದಿ ಕೇಬಲಿಗಾಗಿ ಅಗೆದವರು, ಎಷ್ಟೋ ಇಗರ್ಜಿಗಳ ಆವರಣಗೋಡೆ ಕಟ್ಟಿದವರು ಇವರೇ. ಭಾನುವಾರ ನಾವು ಪೂಜೆಗೆ ಹೋಗುವಾಗ ಇವರು ಸಂತೆಗೆ ಹೋಗುತ್ತಿರುತ್ತಾರೆ, ಜೊತೆಯಲ್ಲಿ ಮಕ್ಕಳಿರುತ್ತಾರೆ.

ಆ ಮಕ್ಕಳ ಶಾಲೆಯ ಕುರಿತು ಈ ಲೇಖನ. ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸಬೇಕೇ ಖಾಸಗಿ ಶಾಲೆಗೆ ಸೇರಿಸಬೇಕೇ ಎಂದು ನಮ್ಮ ಧರ್ಮಕೇಂದ್ರಗಳ ತಾಯಿತಂದೆಯರು ಚರ್ಚಿಸುತ್ತಾರೆ. ಈ ಕುಟುಂಬಗಳೂ ಅದನ್ನೇ ಚರ್ಚಿಸುತ್ತವೆ, ಶೆಡ್ಡಿನ ಮುಂದೆ ಕೂತು, ನಮ್ಮಷ್ಟೇ ಗಂಭೀರವಾಗಿ. ಬಡವರಿಗೆ ಆಯ್ಕೆಯೇ ಇಲ್ಲವೆಂದು ತಿಳಿದುಕೊಂಡವರು ಅವರೊಡನೆ ಮಾತನಾಡಿಲ್ಲ. ಹುನಗುಂದ, ಇಳಕಲ್‌ನಂಥ ಊರುಗಳಲ್ಲೂ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಿವೆ, ಹಳ್ಳಿಗೆ ಅವುಗಳ ಹಳದಿ ವ್ಯಾನು ಬರುತ್ತದೆ. ಸಾಲ ಮಾಡಿಯಾದರೂ ಮಗನನ್ನು ಆ ವ್ಯಾನಿಗೆ ಹತ್ತಿಸಬೇಕೆಂಬ ಆಸೆ ಗಾರೆ ಕೆಲಸದವನಿಗೂ ಇದೆ. ಅದನ್ನು ಹಾಸ್ಯ ಮಾಡುವ ಹಕ್ಕು ನಮಗಿಲ್ಲ, ನಾವೂ ಅದನ್ನೇ ಮಾಡಿದವರು.

ತೊಡಕಿರುವುದು ಅವರ ಪಂಚಾಂಗದಲ್ಲಿ. ಹಿಂಗಾರಿ ಬಿತ್ತನೆ ಮುಗಿದು ದೀಪಾವಳಿ ಕಳೆದರೆ ಆ ಒಣಭೂಮಿಯಲ್ಲಿ ಎಲ್ಲರಿಗೂ ಕೆಲಸವಿಲ್ಲ. ಕರಾವಳಿಯಲ್ಲಿ ಮಳೆ ನಿಂತು ಕಟ್ಟಡದ ಕೆಲಸ ಚುರುಕಾಗುವುದೂ ಆಗಲೇ. ಗಂಡ ಹೆಂಡತಿ, ಜೊತೆಗೆ ಚಿಕ್ಕ ಮಕ್ಕಳು ಬಸ್ಸು ಹತ್ತುತ್ತಾರೆ. ಮುಂಗಾರು ಹತ್ತಿರವಾದಾಗ, ಮೇ ಕೊನೆಗೆ, ಮರಳಿ ಊರಿಗೆ. ಹೊಲವಿಲ್ಲದವರು, ಆಲಮಟ್ಟಿ ಹಿನ್ನೀರಿನಲ್ಲಿ ಜಮೀನು ಕಳೆದುಕೊಂಡವರು ವರ್ಷಪೂರ್ತಿ ಇಲ್ಲೇ ಉಳಿಯುವುದೂ ಉಂಟು. ಆದರೆ ಶಾಲೆಯ ವರ್ಷ ಜೂನ್‌ನಲ್ಲಿ ಆರಂಭವಾಗಿ ಎಪ್ರಿಲ್‌ನಲ್ಲಿ ಮುಗಿಯುತ್ತದೆ. ಅಂದರೆ ಪ್ರತಿ ವರ್ಷ ಪಾಠದ ನಡುವೆಯೇ ಮಗು ಊರು ಬಿಡುತ್ತದೆ.

ನಾವು ಬಲ್ಲ ಒಂದು ಕುಟುಂಬದ ಸಂಗತಿ ಹೇಳುತ್ತೇವೆ. ತಂದೆ ಹುನಗುಂದ ಕಡೆಯವರು, ಸೆಂಟ್ರಿಂಗ್ ಕೆಲಸ. ಹಿರಿಯ ಮಗಳನ್ನು ಜೂನ್‌ನಲ್ಲಿ ಊರಿನ ಸಮೀಪದ ಒಂದು ಖಾಸಗಿ ಶಾಲೆಗೆ ಮೂರನೆಯ ತರಗತಿಗೆ ಸೇರಿಸಿದರು. ಮೊದಲ ಕಂತು ಕಟ್ಟಿದರು. ನವೆಂಬರ್‌ನಲ್ಲಿ ಅಜ್ಜಿಗೆ ಕಾಯಿಲೆಯಾಗಿ ಮಗಳನ್ನು ನೋಡಿಕೊಳ್ಳುವವರಿಲ್ಲದೆ ಇಲ್ಲಿಗೆ ಕರೆತಂದರು. ಕಟ್ಟಿದ ಹಣ ಹೋಯಿತು, ಉಳಿದ ಕಂತು ಕಟ್ಟದೆ ವರ್ಗಾವಣೆ ಪತ್ರ ಕೊಡುವುದಿಲ್ಲ ಎಂದು ಆ ಶಾಲೆ ಹೇಳಿತು. ಆ ಹುಡುಗಿ ಜನವರಿವರೆಗೆ ಸೈಟಿನಲ್ಲಿ ತಮ್ಮನನ್ನು ಆಡಿಸುತ್ತಾ ಕೂತಿದ್ದಳು. ವರ್ಗಾವಣೆ ಪತ್ರ ಇಲ್ಲದೆ ಯಾವ ಶಾಲೆಯೂ ಸೇರಿಸಿಕೊಳ್ಳದೆಂದು ತಂದೆ ನಂಬಿದ್ದರು. ನಮ್ಮಲ್ಲೂ ಅನೇಕರು ಹಾಗೆಯೇ ನಂಬಿದ್ದೆವು.

ಅದು ತಪ್ಪು ತಿಳಿವಳಿಕೆ. 2009ರಲ್ಲಿ ಸಂಸತ್ತು ಒಪ್ಪಿ 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಈ ಮಕ್ಕಳಿಗಾಗಿಯೇ ಬರೆದಂತಿರುವ ಕೆಲವು ಕಲಮುಗಳಿವೆ. ಆರರಿಂದ ಹದಿನಾಲ್ಕು ವರ್ಷದ ಮಗು ಯಾವುದೇ ಕಾರಣಕ್ಕೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕನ್ನು 5ನೆಯ ಕಲಮು ಕೊಡುತ್ತದೆ. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಜನನ ಪ್ರಮಾಣಪತ್ರ ಇಲ್ಲವೆಂದು ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೆಯ ಕಲಮು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ಇದು 15ನೆಯದು. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ಕೆಳಗಿನ ತರಗತಿಯಲ್ಲಿ ಕೂರಿಸದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು ಹೇಳುತ್ತದೆ. ಈ ನಾಲ್ಕು ಅಂಕಿಗಳನ್ನು ಪ್ರತಿ ವಾಳೆಯ ಗುರಿಕಾರರು ಬರೆದಿಟ್ಟುಕೊಂಡರೆ ಒಳ್ಳೆಯದು.

ವರ್ಗಾವಣೆಯ ಈ ಹಕ್ಕು ಅನುದಾನರಹಿತ ಖಾಸಗಿ ಶಾಲೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ನವೆಂಬರ್‌ನಲ್ಲಿ ಬಂದ ಮಗುವನ್ನು ಅಂಥ ಶಾಲೆ ಸೇರಿಸಿಕೊಳ್ಳಬಹುದು, ಬಿಡಬಹುದು. ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಇದ್ದ ಶೇಕಡಾ 25ರ ಮೀಸಲು ಸೀಟು ಕರ್ನಾಟಕದಲ್ಲಿ 2012-13ರಿಂದ ಸಿಗುತ್ತಿತ್ತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲವೆಂದು 2019ರಿಂದ ನಿಯಮ ಬದಲಾಯಿತು. ಸಿಕ್ಕರೂ ಅದು ಆ ಶಾಲೆಯ ಸೀಟು, ಮಗುವಿನೊಂದಿಗೆ ಬಸ್ಸಿನಲ್ಲಿ ಬರುವುದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಒಂದೇ ಊರಲ್ಲಿ ನೆಲೆಸಿದವರು ಯಾವ ಶಾಲೆ ಉತ್ತಮ ಎಂದು ಕೇಳಲಿ. ವರ್ಷಕ್ಕೆರಡು ಸಲ ಊರು ಬದಲಿಸುವ ಕುಟುಂಬ ಮೊದಲು ಕೇಳಬೇಕಾದದ್ದು, ಯಾವ ಶಾಲೆ ನಮ್ಮ ಮಗುವಿನ ಜೊತೆ ಪ್ರಯಾಣ ಮಾಡುತ್ತದೆ ಎಂದು. ಹುನಗುಂದದ ಹಳ್ಳಿಯ ಸರಕಾರಿ ಕನ್ನಡ ಶಾಲೆ ಮತ್ತು ನಮ್ಮ ಕರಾವಳಿಯ ಸರಕಾರಿ ಅಥವಾ ಅನುದಾನಿತ ಕನ್ನಡ ಶಾಲೆ ಲೆಕ್ಕಕ್ಕೆ ಎರಡಾದರೂ ಪುಸ್ತಕ ಒಂದೇ. ಅಲ್ಲಿ ಏಳನೆಯ ಪಾಠದಲ್ಲಿ ನಿಂತದ್ದನ್ನು ಇಲ್ಲಿ ಎಂಟನೆಯದರಿಂದ ಮುಂದುವರಿಸಬಹುದು. ಮಗುವಿನ ಸ್ಯಾಟ್ಸ್ ಸಂಖ್ಯೆಯೂ ಒಂದೇ, ಅದರಿಂದ ಅದರ ದಾಖಲೆ ಹೊಸ ಶಾಲೆಗೆ ಸಿಗುತ್ತದೆ. ಪಠ್ಯಪುಸ್ತಕ, ಮಧ್ಯಾಹ್ನದ ಊಟ, ಹಾಲು ಎರಡೂ ಕಡೆ ಇವೆ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ದಾಸೋಹ ಎಂಬ ಮಾತೂ ಆ ಕಡೆಯದೇ, ಬಸವಣ್ಣನವರ ಕೂಡಲಸಂಗಮ ಇರುವುದು ಹುನಗುಂದ ತಾಲೂಕಿನಲ್ಲಿ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ ಮನೆಯಲ್ಲಿ ಆ ಊಟದ ಬೆಲೆ ಎಷ್ಟೆಂದು ತಾಯಂದಿರನ್ನೇ ಕೇಳಬೇಕು.

ಆದರೆ ಇಂಗ್ಲಿಷ್? ಪ್ರತಿ ಸಲವೂ ಈ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದು ಎಂದು 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007-08ರಲ್ಲಿ. 2019-20ರಲ್ಲಿ 1,000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನೇ ತೆರೆಯಲಾಯಿತು. ಖಾಸಗಿ ಶಾಲೆ ಎಂದಾಕ್ಷಣ ಕಲಿಕೆ ಹೆಚ್ಚುತ್ತದೆಯೇ ಎಂಬುದನ್ನು ನೆರೆಯ ಆಂಧ್ರಪ್ರದೇಶದಲ್ಲಿ 2008ರಿಂದ ನಾಲ್ಕು ವರ್ಷ ಪರೀಕ್ಷಿಸಿ ನೋಡಿದರು. ಹಳ್ಳಿಯ ಸರಕಾರಿ ಶಾಲೆಯ ಮಕ್ಕಳಲ್ಲಿ ಚೀಟಿ ಎತ್ತಿ ಕೆಲವರಿಗೆ ಖಾಸಗಿ ಶಾಲೆಯ ಶುಲ್ಕ ಕೊಟ್ಟರು. ನಾಲ್ಕು ವರ್ಷಗಳ ಬಳಿಕ ತೆಲುಗಿನಲ್ಲೂ ಗಣಿತದಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ, ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಸ್ಪಷ್ಟವಾಗಿ ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಕಡಿಮೆ ಖರ್ಚಿನಲ್ಲಿ ಸಾಧಿಸಿದವು ಎಂಬುದೂ ಆ ಅಧ್ಯಯನದಲ್ಲಿದೆ, ಅದನ್ನು ಮುಚ್ಚಿಡಬಾರದು. ಆದರೆ ಆ ಖರ್ಚು ಪಾಲಕರ ಜೇಬಿನದಾದಾಗ ಲೆಕ್ಕ ಬೇರೆ. ಇಂಗ್ಲಿಷ್ ಮಾಧ್ಯಮದಲ್ಲಿ ಅರ್ಧ ವರ್ಷ, ಕನ್ನಡ ಮಾಧ್ಯಮದಲ್ಲಿ ಅರ್ಧ ವರ್ಷ ಎಂದಾದರೆ ಮಗುವಿಗೆ ಭಿನ್ನರಾಶಿಯೂ ತಿಳಿಯದು, ಫ್ರ್ಯಾಕ್ಷನ್ನೂ ತಿಳಿಯದು.

ಸರಕಾರಿ ಶಾಲೆಗಳನ್ನು ಹೊಗಳಿ ಮುಗಿಸುವುದೂ ನ್ಯಾಯವಲ್ಲ. ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿ ನೋಡಿಕೊಳ್ಳುವ ಶಾಲೆಗಳಿವೆ, ಖಾಲಿ ಹುದ್ದೆಗಳಿವೆ. ಹಾಗಾಗಿ ಸೇರಿಸುವ ಮೊದಲು ಒಂದು ದಿನ ಕೂಲಿ ಬಿಟ್ಟಾದರೂ ಶಾಲೆಗೆ ಹೋಗಿ ನೋಡಿ ಎನ್ನುತ್ತೇವೆ. ಎಷ್ಟು ಶಿಕ್ಷಕರಿದ್ದಾರೆ, ಶೌಚಾಲಯಕ್ಕೆ ನೀರಿದೆಯೇ, ಶೆಡ್ಡಿನಿಂದ ಶಾಲೆಗೆ ಹೋಗಲು ಹೆದ್ದಾರಿ ದಾಟಬೇಕೇ. ನಮ್ಮ ಹೆದ್ದಾರಿಗಳಲ್ಲಿ ಕೊನೆಯ ಪ್ರಶ್ನೆಯೇ ಮೊದಲನೆಯದು.

ಭಾಷೆಯ ವಿಷಯದಲ್ಲಿ ಈ ಮಕ್ಕಳು ನಮ್ಮವರಿಗಿಂತ ಒಂದು ಹೆಜ್ಜೆ ಮುಂದೆ. ನಮ್ಮ ಮಕ್ಕಳು ಕೊಂಕಣಿ, ತುಳು ಮಾತನಾಡುತ್ತಾ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕನ್ನಡವೇ ಮನೆಮಾತು. ತಾಂಡಾಗಳಿಂದ ಬಂದ ಲಂಬಾಣಿ ಮಕ್ಕಳಿಗೆ ಮಾತ್ರ ಕನ್ನಡವೂ ಎರಡನೆಯ ಭಾಷೆ. ಅವರು ಶಾಲೆಗೆ 'ಸಾಲಿ' ಎಂದಾಗ, ಟೀಚರಿಗೆ 'ಅಕ್ಕೋರ' ಎಂದಾಗ ತರಗತಿಯಲ್ಲಿ ನಗು ಏಳುತ್ತದೆ. ಆ ನಗುವಿಗೆ ಹೆದರಿ ಒಂದು ವಾರದಲ್ಲೇ ಶಾಲೆ ಬಿಟ್ಟವರಿದ್ದಾರೆ. ಇದನ್ನು ಸರಿಪಡಿಸಲು ಕಾಯಿದೆ ಬೇಡ, ಟೀಚರು ಸಾಕು.

ಮಗುವನ್ನು ಊರಲ್ಲೇ ಅಜ್ಜ ಅಜ್ಜಿಯ ಬಳಿ ಬಿಡುವುದು ಇನ್ನೊಂದು ದಾರಿ. ಅಜ್ಜಿ ಗಟ್ಟಿಯಾಗಿದ್ದರೆ ಅದು ಒಳ್ಳೆಯ ದಾರಿಯೇ, ಶಾಲೆ ತಪ್ಪುವುದಿಲ್ಲ. ಆದರೆ ಹತ್ತು ವರ್ಷದ ಹುಡುಗಿ ಅಜ್ಜಿಯನ್ನು ನೋಡಿಕೊಳ್ಳುವ ಸ್ಥಿತಿ ಬಂದರೆ ಶಾಲೆ ಹೆಸರಿಗಷ್ಟೇ. ಆರನೆಯ ತರಗತಿಯಿಂದ ವಸತಿ ಶಾಲೆಗಳಿವೆ: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಜವಾಹರ್ ನವೋದಯ. ಮೊರಾರ್ಜಿ, ಚೆನ್ನಮ್ಮ, ನವೋದಯಗಳಿಗೆ ಪ್ರವೇಶ ಪರೀಕ್ಷೆ ಇದೆ, ಐದನೆಯ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಬೇಕು. ಅರ್ಜಿಯ ದಿನಗಳಲ್ಲಿ ಕುಟುಂಬ ಇಲ್ಲಿರುತ್ತದೆ, ಸುದ್ದಿ ಅಲ್ಲಿರುತ್ತದೆ. ಇದನ್ನು ತಿಳಿಸಲು ನಮ್ಮ ಯುವಜನರು ಒಂದು ಸಂಜೆ ಕೊಟ್ಟರೆ ಸಾಕು. ಒಂಬತ್ತನೆಯ ತರಗತಿಗೆ ಬಂದ ಮೇಲೆ ಶಾಲೆ ಬದಲಿಸುವುದು ಬೇಡವೇ ಬೇಡ, ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆ ಎಂಟನೆಯ ತರಗತಿಗೆ ಮುಗಿಯುತ್ತದೆ, ಮುಂದೆ ಎಸ್‌ಎಸ್‌ಎಲ್‌ಸಿ ನೋಂದಣಿಯ ತೊಡಕು.

ಈಗ ನಮ್ಮದೇ ಶಾಲೆಗಳ ಮಾತು. ಪ್ರಾಯಶಃ ಇದು ಕೆಲವರಿಗೆ ಇಷ್ಟವಾಗದು. ಮಾಧ್ಯಮದ ತೀರ್ಪು ಬಂದ ಅದೇ ದಿನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇನ್ನೊಂದು ತೀರ್ಪನ್ನೂ ಕೊಟ್ಟಿತು: ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತವಾಗಲಿ ಅನುದಾನರಹಿತವಾಗಲಿ, ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದ್ವಿಸದಸ್ಯ ಪೀಠವೊಂದು ಇದನ್ನು ಮತ್ತೆ ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅಂತೂ ಮೇಲೆ ಹೇಳಿದ ನಾಲ್ಕು ಕಲಮುಗಳನ್ನು ತೋರಿಸಿ ಸರಕಾರಿ ಶಾಲೆಯ ಬಾಗಿಲು ತೆರೆಸಬಹುದು, ನಮ್ಮ ಶಾಲೆಯ ಬಾಗಿಲನ್ನು ನಾವೇ ತೆರೆಯಬೇಕು. ಸಂವಿಧಾನದ 30ನೆಯ ವಿಧಿ ನಮಗೆ ಕೊಟ್ಟ ಸ್ವಾತಂತ್ರ್ಯ ಮಗುವನ್ನು ಹಿಂದೆ ಕಳುಹಿಸಲೆಂದು ಕೊಟ್ಟದ್ದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆ ಶಾಲೆಯನ್ನು ಆರಿಸುವ ಪಾಲಕರ ಸ್ವಾತಂತ್ರ್ಯವನ್ನು ಎತ್ತಿ ಹಿಡಿಯುತ್ತದೆ. ಬಡವರ, ಕುಟುಂಬದ ಆಸರೆ ತಪ್ಪಿದವರ, ನಮ್ಮ ವಿಶ್ವಾಸಕ್ಕೆ ಸೇರದವರ ಅಗತ್ಯಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಧರ್ಮಸಭೆಯನ್ನೂ ಕೇಳಿಕೊಳ್ಳುತ್ತದೆ.

ಇಗರ್ಜಿಯ ಪಕ್ಕದ ಹಳೆಯ ಅನುದಾನಿತ ಕನ್ನಡ ಶಾಲೆಗೆ ನಾವು ನಮ್ಮ ಮಕ್ಕಳನ್ನು ಕಳುಹಿಸುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅಂಥ ಕೆಲವು ಶಾಲೆಗಳು ಇಂದು ನಡೆಯುತ್ತಿರುವುದು ಬಾಗಲಕೋಟೆ ಬಸ್ಸಿನಲ್ಲಿ ಬಂದ ಮಕ್ಕಳಿಂದ. ಮಕ್ಕಳ ಸಂಖ್ಯೆ ಇಲ್ಲದಿದ್ದರೆ ಶಿಕ್ಷಕರ ಹುದ್ದೆಯೂ ಉಳಿಯುವುದಿಲ್ಲ. ನಾವು ಅವರಿಗೆ ಉಪಕಾರ ಮಾಡುತ್ತಿದ್ದೇವೆ ಎಂಬ ಭಾವನೆ ಯಾರಿಗಾದರೂ ಇದ್ದರೆ ಹಾಜರಿ ಪುಸ್ತಕ ತೆರೆದು ನೋಡಬಹುದು.

ಆ ಮೂರನೆಯ ತರಗತಿಯ ಹುಡುಗಿ ಅಂಥದೇ ಒಂದು ಶಾಲೆಗೆ ಜನವರಿಯಲ್ಲಿ ಸೇರಿದಳು. ಮುಖ್ಯೋಪಾಧ್ಯಾಯಿನಿ ಧರ್ಮಭಗಿನಿ ವರ್ಗಾವಣೆ ಪತ್ರಕ್ಕೆ ಕಾಯಲಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದು ತರಗತಿಯಲ್ಲಿ ಕೂರಿಸಿದರು. ಹಿಂದಿನ ಶಾಲೆಯ ಪತ್ರ ಮಾರ್ಚ್‌ನಲ್ಲಿ ಬಂತು.

ಕೆಲಸ ಮಾಡುವವರಿಗೆ ಕೆಲವು ಸೂಚನೆಗಳು. ವಾಳೆಯಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ ದೀಪಾವಳಿಯ ನಂತರ ಒಮ್ಮೆ ಶೆಡ್ಡುಗಳಿಗೆ ಹೋಗಿ ಬನ್ನಿ. ಆರು ವರ್ಷ ತುಂಬದವರಿಗೆ ಅಂಗನವಾಡಿ ಇದೆ. ಮಗುವಿನ ಆಧಾರ್, ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆಗಳ ಫೋಟೋ ತಂದೆಯ ಮೊಬೈಲಿನಲ್ಲಿ ಇರಲಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು, ನೋಂದಾಯಿತರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವಿದೆ. ಶಾಲೆ ಬಿಟ್ಟು ದುಡಿಯುತ್ತಿರುವ ಮಗು ಕಂಡರೆ 1098ಕ್ಕೆ ಕರೆ ಮಾಡಿ. ದಾಖಲಾತಿ ಮಾಡದೆ 'ಸುಮ್ಮನೆ ಕೂರಲಿ' ಎಂದು ಮಗುವನ್ನು ತರಗತಿಗೆ ಬಿಡುವ ರೂಢಿಯೂ ಕೆಲವು ಕಡೆ ಇದೆ. ಅದು ದಯೆಯಿಂದಲೇ ಮಾಡುವ ಕೆಲಸ, ಆದರೆ ಆ ಹಾಜರಿ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ, ಊರಿನ ಶಾಲೆಯಲ್ಲಿ ಅದೇ ಮಗು ತಿಂಗಳುಗಟ್ಟಲೆ ಗೈರುಹಾಜರು ಎಂದಾಗುತ್ತದೆ.

ಎಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗೆ ಬೇಸಗೆ ರಜೆ, ಕುಟುಂಬ ಊರಿಗೆ ಹೊರಡುವುದು ಮೇ ಕೊನೆಗೆ, ಕೆಲಸ ನಿಂತ ಸಂಜೆಯೇ, ಯಾರಿಗೂ ಹೇಳದೆ. ಆಗ ಶಾಲೆಯ ಕಚೇರಿಗೆ ಬೀಗ ಬಿದ್ದಿರುತ್ತದೆ. ಜೂನ್‌ನಲ್ಲಿ ಮಗು ಊರಿನ ಶಾಲೆಗೆ ಮರಳುವುದಾದರೆ ವರ್ಗಾವಣೆ ಪತ್ರದ ಅರ್ಜಿಯನ್ನು ಮಾರ್ಚ್ ತಿಂಗಳಲ್ಲೇ ಬರೆಸಿ ಕೊಡಬೇಕು.