ಕಾಫಿ ಬೀಜದ ಜಾತಕ

ಬೆಳಗಿನ ಹಬೆಯಾಡುವ ಲೋಟವನ್ನು ಕೈಗೆತ್ತಿಕೊಳ್ಳುವಾಗ ಆ ಕಾಫಿ ಯಾವ ತೋಟದ್ದೆಂದು ವಿಚಾರಿಸುವ ಗೃಹಸ್ಥರು ವಿರಳ. ಪುಡಿ ಹೊಸದೇ, ಚಿಕೋರಿ ಎಷ್ಟು ಬೆರೆತಿದೆ, ಇಷ್ಟು ತಿಳಿದರೆ ಗೃಹಿಣಿಗೂ ಸಮಾಧಾನ, ಯಜಮಾನನಿಗೂ ಸಮಾಧಾನ. ಆದರೆ ಇಟಲಿಯಲ್ಲೋ ಜರ್ಮನಿಯಲ್ಲೋ ಕುಳಿತು ಭಾರತದ ಕಾಫಿ ತರಿಸುವ ವರ್ತಕನಿಗೆ ಇನ್ನು ಮುಂದೆ ಇಷ್ಟು ಸಾಲದು. ಆ ಬೀಜ ಭೂಮಂಡಲದ ಯಾವ ಬಿಂದುವಿನಲ್ಲಿ ಬೆಳೆಯಿತೆಂಬುದನ್ನು ಅಕ್ಷಾಂಶ ರೇಖಾಂಶಗಳ ಸಹಿತ ಆತನು ತನ್ನ ಸರ್ಕಾರಕ್ಕೆ ಒಪ್ಪಿಸಬೇಕು. ಆ ಜಾತಕದ ಮೊದಲ ಅಂಕಿಯನ್ನು ಬರೆದುಕೊಡಬೇಕಾದವನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನಂಥ ಊರಿನ ಬೆಳೆಗಾರ.

ನೋಂದಣಿಯೆಂಬುದು ಈ ಬೆಟ್ಟಗಳಿಗೆ ಹೊಸ ಮಾತೇನೂ ಅಲ್ಲ. ಎರಡನೆಯ ಮಹಾಯುದ್ಧ ಯೂರೋಪಿನ ಪೇಟೆಯನ್ನು ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು ಹುಟ್ಟಿದ 1942ರ ಕಾಫಿ ಕಾಯಿದೆಯೇ ತೋಟದ ಒಡೆಯ ತನ್ನ ಹೆಸರನ್ನು ದಾಖಲಿಸಬೇಕೆಂದು ವಿಧಿಸಿತು. ಬೆಳೆದುದನ್ನೆಲ್ಲ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆಯುವ ಪದ್ಧತಿ 1990ರ ದಶಕದವರೆಗೂ ನಡೆಯಿತು. ಈಗ ಬೆಳೆಗಾರ ತನಗೆ ಬೇಕಾದವರಿಗೆ ಮಾರಬಹುದು. ರಫ್ತು ಮಾಡುವವನಿಗೆ ಮಾತ್ರ ಮಂಡಲಿಯ ನೋಂದಣಿ ಬೇಕು, ಆಮದು-ರಫ್ತು ಸಂಕೇತಸಂಖ್ಯೆ ಬೇಕು, ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ನಮೂನೆಯ ಮೂಲ ಪ್ರಮಾಣಪತ್ರ ಬೇಕು. ಇವೆಲ್ಲ ಮೂಟೆಗೆ ಸಂಬಂಧಿಸಿದ ಕಾಗದಗಳು. ಹೊಸ ನಿಯಮ ಮೂಟೆಯನ್ನು ದಾಟಿ ಗಿಡದ ಬುಡಕ್ಕೇ ಬಂದಿದೆ.

ಐರೋಪ್ಯ ಒಕ್ಕೂಟವು 2023ರಲ್ಲಿ ಈ ಕಾನೂನನ್ನು ಹೊರಡಿಸಿತು. ದನ, ಕೋಕೋ, ತಾಳೆ, ರಬ್ಬರು, ಸೋಯಾ, ಮರಮುಟ್ಟು ಇವುಗಳ ಸಾಲಿನಲ್ಲಿ ಕಾಫಿಯೂ ಸೇರಿತು. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಸರಕು ಒಕ್ಕೂಟದ ಪೇಟೆಯನ್ನು ಪ್ರವೇಶಿಸಕೂಡದು. 4 ಹೆಕ್ಟೇರಿಗೆ, ಎಂದರೆ ಸುಮಾರು 10 ಎಕರೆಗೆ, ಮೀರದ ತೋಟಕ್ಕೆ ಒಂದು ಬಿಂದು ಸಾಕು. ಮೀರಿದರೆ ಎಲ್ಲೆಯ ಸುತ್ತಲೂ ಗೆರೆ ಎಳೆದ ನಕ್ಷೆ ಬೇಕು. ದಶಮಾಂಶದ ಅನಂತರ ಆರು ಅಂಕಿಗಳಿರಬೇಕಂತೆ! ಆರನೆಯ ಅಂಕಿ ಒಂದು ಹೆಚ್ಚುಕಡಮೆಯಾದರೆ ನೆಲದ ಮೇಲೆ ಅರ್ಧ ಗೇಣು ಮಾತ್ರ ವ್ಯತ್ಯಾಸ. ದಟ್ಟ ಮರಗಳ ಅಡಿಯಲ್ಲಿ ಕೈಫೋನು ಹಿಡಿದು ನಿಂತವನಿಗೆ ಯಂತ್ರ ಎಷ್ಟೋ ಗಜ ಆಚೆಯ ಜಾಗವನ್ನು ತೋರಿಸುವುದುಂಟು. ಆ ಬಿಂದು ಬೇಲಿಯಾಚೆಯ ಮೀಸಲು ಅರಣ್ಯದೊಳಗೆ ಬಿದ್ದರೆ ವಿವರಣೆ ಕೊಡಬೇಕಾದವನು ಬೆಳೆಗಾರನೇ.

ಈ ಸೀಮೆಯ ಕಾಫಿಯ ಹೆಮ್ಮೆಯೇ ಇಲ್ಲಿ ಅದರ ತೊಡಕಾಗಿದೆ. ಬ್ರೆಜಿಲಿನ ಬಯಲುಗಳಲ್ಲಿ ಕಾಫಿ ಬಹುಮಟ್ಟಿಗೆ ಬಿಸಿಲಿನಲ್ಲೇ ಬೆಳೆಯುತ್ತದೆ. ಮಲೆನಾಡಿನಲ್ಲಿ ಅದು ನೆರಳಿನ ಕೂಸು. ಅತ್ತಿ, ಹಲಸು, ಹಾಲುವಾಣ, ಸಿಲ್ವರ್ ಓಕ್‌ಗಳ ಕೆಳಗೆ ಕಾಫಿ, ಮರದ ಕಾಂಡಕ್ಕೆ ಮೆಣಸಿನ ಬಳ್ಳಿ. ಆಕಾಶದಲ್ಲಿ ಸುತ್ತುವ ಉಪಗ್ರಹದ ಕಣ್ಣಿಗೆ ಇದು ಕಾಡಲ್ಲದೆ ಮತ್ತೇನು? ಮಳೆಗಾಲಕ್ಕೆ ಮುನ್ನ ಬೆಳೆಗಾರ ಮರಗಸಿ ಮಾಡಿಸಿ ಕೊಂಬೆಗಳನ್ನು ಇಳಿಸಿದನೆಂದರೆ, ಸಿಲ್ವರ್ ಓಕನ್ನು ಮಾರಿದನೆಂದರೆ, ಚಿತ್ರದಲ್ಲಿ ಹಸುರು ತೆಳುವಾಗಿ ಕಾಣುತ್ತದೆ. ಮರದ ನೆರಳಿನಲ್ಲಿ ಬೆಳೆ ತೆಗೆಯುವ ಭೂಮಿ ಕೃಷಿಭೂಮಿಯೇ ಹೊರತು ಅರಣ್ಯವಲ್ಲವೆಂದು ಕಾನೂನಿನ ವ್ಯಾಖ್ಯೆಯೇ ಹೇಳುತ್ತದೆ, ನಿಜ. ಆದರೆ ಚಿತ್ರ ನೋಡುವವನು ವ್ಯಾಖ್ಯೆಯನ್ನೂ ಓದಿರಬೇಕಲ್ಲ!

ಇನ್ನೊಂದು ಗಂಟು ಪಹಣಿಯದು. ಬೆಳೆ ಕಾಡು ಕಡಿಯದೆ ಬಂದಿದ್ದರೆ ಸಾಲದು. ಬೆಳೆದ ದೇಶದ ಕಾನೂನಿಗೂ, ಭೂಮಿಯ ಹಕ್ಕಿಗೂ ಒಪ್ಪಿ ಬಂದಿರಬೇಕು. ಮಲೆನಾಡಿನ ಮನೆತನಗಳಲ್ಲಿ ಅಜ್ಜನ ಹೆಸರಿನಲ್ಲಿರುವ ಖಾತೆ ಮೊಮ್ಮಕ್ಕಳ ಕಾಲಕ್ಕೂ ಬದಲಾಗದಿರುವುದುಂಟು. ಅಣ್ಣತಮ್ಮಂದಿರು ಬಾಯಿಮಾತಿನ ಪಾಲಿನಲ್ಲೇ ಬೇಸಾಯ ನಡೆಸುವುದುಂಟು. ಸರ್ಕಾರಿ ಜಮೀನಿನಲ್ಲಿ ಎದ್ದ ತೋಟಗಳದು ಬೇರೆಯೇ ಕಥೆ. ಅಂಥ ಒತ್ತುವರಿಯನ್ನು 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ಕರ್ನಾಟಕ ಸರ್ಕಾರವು ಭೂಕಂದಾಯ ಕಾಯಿದೆಯನ್ನು ತಿದ್ದಿತು. ಆದರೆ ಗುತ್ತಿಗೆಯ ಪತ್ರ ಕೈಸೇರದ ಬೆಳೆಗಾರನ ಮೂಟೆಗೆ ಹಕ್ಕಿನ ಪುರಾವೆಯೆಂದು ಯಾವ ಕಾಗದವನ್ನು ಲಗತ್ತಿಸಬೇಕು?

ಸಣ್ಣ ಬೆಳೆಗಾರ ಹಡಗಿನ ಮುಖ ಕಂಡವನಲ್ಲ. ಕಣದಲ್ಲಿ ಒಣಗಿದ ಚೆರ್ರಿಯನ್ನು ಊರಿನ ವ್ಯಾಪಾರಿಗೆ ತೂಗಿ ಹಣ ಎಣಿಸಿಕೊಂಡರೆ ಅವನ ಕೆಲಸ ಮುಗಿಯಿತು. ಆ ವ್ಯಾಪಾರಿಯ ಗೋದಾಮಿನಲ್ಲಿ ಹತ್ತಾರು ತೋಟಗಳ ಫಸಲು ಒಂದಾಗುತ್ತದೆ, ಕ್ಯೂರಿಂಗ್ ವರ್ಕ್ಸಿನಲ್ಲಿ ನೂರಾರು ತೋಟಗಳದು. ಬೆರೆಸಲು ಅಡ್ಡಿಯಿಲ್ಲ, ಆದರೆ ಬೆರೆತ ತೋಟಗಳೆಲ್ಲದರ ವಿಳಾಸವೂ ಬೇಕು. ಅದರಲ್ಲಿ ಒಂದು ತೋಟದ ಲೆಕ್ಕ ತಪ್ಪಿದರೆ, ಬೇರ್ಪಡಿಸಲಾಗದ ಆ ರಾಶಿಯಷ್ಟಕ್ಕೂ ಬಾಗಿಲು ಮುಚ್ಚಿದಂತೆಯೇ. ದಾಖಲೆಯಿದ್ದ ಬೆಳೆಗೆ ಒಂದು ಬೆಲೆ, ಇಲ್ಲದ್ದಕ್ಕೆ ಮತ್ತೊಂದು ಬೆಲೆ ಕಟ್ಟುವ ಕಾಲ ಬಂದೀತೆಂಬ ಅಂಜಿಕೆ ಹುಟ್ಟಿರುವುದು ಇದರಿಂದಲೇ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುವುದು, ಅದರಲ್ಲಿಯೂ ಯೂರೋಪೇ ದೊಡ್ಡ ಗಿರಾಕಿ, ಇಟಲಿ ಎಲ್ಲಕ್ಕೂ ಮುಂದೆ. ಅಂಥ ಗಿರಾಕಿಯ ಮಾತನ್ನು ತಳ್ಳಿಹಾಕುವಂತಿಲ್ಲ.

ಮಂಡಲಿಯು ಬೆಳೆಗಾರರ ನೋಂದಣಿಗಾಗಿ ಕೈಫೋನಿನಲ್ಲೇ ಬಳಸುವ ಒಂದು ಆ್ಯಪನ್ನು ಹೊರತಂದಿದೆ. ಒಕ್ಕೂಟವೂ ಗಡುವನ್ನು ಎರಡು ಸಲ ಮುಂದೂಡಿತು. ಮೊದಲು 2024ರ ಕೊನೆಗೆಂದಿದ್ದುದು 2025ಕ್ಕೆ ಹೋಯಿತು. 2025ರ ಡಿಸೆಂಬರಿನಲ್ಲಿ ಮತ್ತೆ ಒಂದು ವರ್ಷ ಸರಿದು, ದೊಡ್ಡ ಮತ್ತು ಮಧ್ಯಮ ವರ್ತಕರಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಎಂದು ನಿಶ್ಚಯವಾಯಿತು. 2025ರ ಮೇ ತಿಂಗಳಿನಲ್ಲಿ ಭಾರತವನ್ನು ಅಪಾಯ ಕಡಮೆಯಿರುವ ದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ತಪಾಸಣೆಯ ಬಿಗಿ ಸ್ವಲ್ಪ ಸಡಿಲವಾಗುವುದು. ತೋಟದ ಬಿಂದುವನ್ನು ಕೊಡುವುದು ಮಾತ್ರ ತಪ್ಪಿದ್ದಲ್ಲ.

ಡಿಸೆಂಬರ್ 30 ಎಂದರೆ ಆಲ್ದೂರಿನ ಸುತ್ತ ಅರೇಬಿಕ ಕೊಯ್ಲಿನ ಭರಾಟೆಯ ದಿನಗಳು. ಆಳುಗಳಿಗಾಗಿ ಓಡಾಟ, ಕಣದ ಮೇಲೆ ಮೋಡ ಕಂಡರೆ ಎದೆಬಡಿತ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಲು ಯಾರಿಗೂ ಆಗ ಪುರಸತ್ತಿಲ್ಲ. ಅಜ್ಜನ ಹೆಸರನ್ನು ಇಳಿಸಿ ಮೊಮ್ಮಗನ ಹೆಸರನ್ನು ಏರಿಸುವ ಕೆಲಸ ಅದಕ್ಕೆ ಮುಂಚಿನ ಮಳೆಗಾಲದಲ್ಲೇ ಆಗಬೇಕು.