ಬಸ್ಸು ಹತ್ತುವ ದಿನ ನೀರು ಬಿಡಬೇಡಿ

‘ದಾರ್ಯಾಗ ಒಂದಕ್ಕ ಬಂದ್ರ ಏನ್ ಮಾಡ್ತಿ? ನೀರ್ ಕುಡೀಬ್ಯಾಡ.’ ಪ್ರಾಸ್ಟೇಟ್ ಕ್ಯಾನ್ಸರಿಗೆ ‘ಕರೆಂಟ್’ (ವಿಕಿರಣ ಚಿಕಿತ್ಸೆ) ಇಡಿಸಿಕೊಳ್ಳಲು ಕಲಬುರಗಿಗೆ ಹೊರಟ ಹಿರಿಯರಿಗೆ ಮನೆಯವರು ಹೇಳುವ ಮಾತು. ಆಳಂದ, ಜೇವರ್ಗಿಯಿಂದ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ 60ರ ಆಸುಪಾಸು. ಕಾಳಜಿಯಿಂದಲೇ ಹೇಳುತ್ತಾರೆ, ಆದರೆ ಈ ಚಿಕಿತ್ಸೆಗೆ ಬೇಕಾದದ್ದು ಅದರ ಉಲ್ಟಾ.

ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಬುಡದಲ್ಲಿ, ಗುದನಾಳದ ಮುಂದೆ. ಚೀಲ ತುಂಬಿದ್ದರೆ ಮೇಲಕ್ಕೆ ಉಬ್ಬಿ ಸಣ್ಣ ಕರುಳನ್ನು ಕಿರಣದ ಹಾದಿಯಿಂದ ದೂಡುತ್ತದೆ. ಚೀಲದ ಬಹುಪಾಲು ಗೋಡೆಯೂ ಕಿರಣದಿಂದ ಪಾರಾಗುತ್ತದೆ. ಹಾಗಂತ ಬಸ್ಸಿನಲ್ಲೇ ಕುಡಿದು ತಡಕೊಂಡು ಬರಬೇಕಿಲ್ಲ. ಆಸ್ಪತ್ರೆ ಮುಟ್ಟಿ, ಒಂದಕ್ಕೆ ಹೋಗಿ ಬಂದು, ಅವರು ಹೇಳಿದಷ್ಟು ನೀರು (ಸಾಮಾನ್ಯವಾಗಿ ಅರ್ಧ ಲೀಟರಿನಷ್ಟು) ಕುಡಿದು, ಅರ್ಧ ತಾಸಿನಿಂದ ಒಂದು ತಾಸು ಕಾಯುವುದು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಮೊದಲ ಸಿ.ಟಿ. ಸ್ಕ್ಯಾನ್ ದಿನ ಎಷ್ಟು ತುಂಬಿತ್ತೋ ದಿನವೂ ಅಷ್ಟೇ ತುಂಬಿರಬೇಕು, ಕಿರಣದ ಲೆಕ್ಕ ಹಾಕಿರುವುದು ಅದರ ಮೇಲೆಯೇ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಿಂದಿನ ದಿನದಿಂದಲೇ ಮೈ ಒಣಗಿದ್ದರೆ ಕುಡಿದ ನೀರು ಹೊತ್ತಿಗೆ ಸರಿಯಾಗಿ ಚೀಲಕ್ಕಿಳಿಯುವುದಿಲ್ಲ. ತಡಕೊಳ್ಳಲು ಆಗದವರು ನಾಚದೆ ಸಿಬ್ಬಂದಿಗೆ ಹೇಳಲಿ, ಅಳತೆ ಕಡಿಮೆ ಮಾಡುತ್ತಾರೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಲೇಬೇಕು.

‘ಹೊಟ್ಟಿ ಖಾಲಿ ಇರಬೇಕಂತ’ ಎಂದು ಉಪವಾಸ ಬರುವವರಿದ್ದಾರೆ. ಖಾಲಿ ಇರಬೇಕಾದದ್ದು ಹೊಟ್ಟೆಯಲ್ಲ, ಗುದನಾಳ. ಅಲ್ಲಿ ಮಲವೋ ವಾಯುವೋ ತುಂಬಿದರೆ ಪ್ರಾಸ್ಟೇಟ್ ಮುಂದಕ್ಕೆ ಸರಿದು ಗುರಿ ತಪ್ಪುತ್ತದೆ. ರೊಟ್ಟಿ, ಪಲ್ಯ ಉಣ್ಣಿ. ಮಡಕಿ, ಕಡಲೆಯಂಥ ಕಾಳು ವಾಯು ಮಾಡಿದರೆ ಆ ದಿನಗಳಲ್ಲಿ ಕಡಿಮೆ ಮಾಡಿ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಉಪವಾಸ ಬರುವುದಂತೂ ಅಪಾಯ. ಮಲಬದ್ಧತೆಗೆ ಔಷಧ ಕೇಳಿ ಪಡೆಯಿರಿ, ಅಂಗಡಿಯ ಚೂರ್ಣ ಬೇಡ.

ಕರೆಂಟ್ ಅಂದರೂ ಇದರಲ್ಲಿ ವಿದ್ಯುತ್ತಿನ ಹೊಡೆತವಿಲ್ಲ. ಎಕ್ಸ್-ರೇ ತೆಗೆಸಿಕೊಂಡಂತೆ, ಕೆಲವೇ ನಿಮಿಷ, ಆ ಹೊತ್ತಿನಲ್ಲಿ ನೋವಿಲ್ಲ. ಎರಡು-ಮೂರು ವಾರ ಕಳೆದ ಮೇಲೆ ಉರಿಮೂತ್ರ, ಭೇದಿ, ಸುಸ್ತು ಬರಬಹುದು. ಅದಕ್ಕೆ ಮದ್ದಿದೆ, ನಡುವೆ ಬಿಟ್ಟುಬಿಡಬೇಡಿ. ಹಲವರಿಗೆ ನಾಲ್ಕು ವಾರದಲ್ಲಿ 20 ಸಲ, ಕೆಲವರಿಗೆ ಏಳೆಂಟು ವಾರ. ಮೈಮೇಲೆ ಹಾಕಿದ ಗುರುತನ್ನು ಅಷ್ಟು ದಿನ ಉಜ್ಜಿ ಅಳಿಸಬೇಡಿ.

ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಸಂಜೆ ಊರಿಗೆ ಬಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ.